ಭತ್ತದ ಆರ್‌ಎನ್‌ಎ-ಸೀಕ್: ಟಿಪಿಎಂ ರೌಂಡ್ ಮಾಡಿ ಡಿಇಸೀಕ್2ಗೆ ಕೊಡಬಹುದಾ? ಹೀಟ್‌ಮ್ಯಾಪ್‌ನಲ್ಲಿ ಬರ ಕಾಣ್ತಾನೇ ಇಲ್ಲ

ನೇಗಿಲುಗೆರೆ (ಪ್ರಶ್ನೆ)

ಭತ್ತದ ಎಲೆಯ ಆರ್‌ಎನ್‌ಎ-ಸೀಕ್ ಡೇಟಾ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದರ ಅಳತೆ) ಇದೆ. ತಳಿ ಎರಡು: ಬರ ತಡೆಯುವ ನಾಗಿನಾ 22, ತಡೆಯದ ಐಆರ್64. ಎರಡಕ್ಕೂ ನೀರು ಕೊಟ್ಟ ಗಿಡ, ನೀರು ನಿಲ್ಲಿಸಿದ ಗಿಡ, ಒಂದೊಂದಕ್ಕೆ ಮೂರು ಬೇರೆ ಬೇರೆ ಕುಂಡ. ಒಟ್ಟು 12 ಸ್ಯಾಂಪಲ್, ಪೇರ್ಡ್-ಎಂಡ್ (ತುಣುಕಿನ ಎರಡೂ ತುದಿಯಿಂದ ಓದಿದ್ದು), 150 ಬೇಸ್. ಫಾಸ್ಟ್‌ಕ್ಯೂ ಫೈಲುಗಳ (ಮೂಲ ರೀಡ್‌ಗಳು, ಅಂದರೆ ಯಂತ್ರ ಓದಿದ ತುಣುಕುಗಳು) ಜೊತೆ ಎಕ್ಸೆಲ್‌ನಲ್ಲಿ ಒಂದು ಟಿಪಿಎಂ (ಜೀನಿನ ಉದ್ದ, ಒಟ್ಟು ರೀಡ್ ಎರಡಕ್ಕೂ ಸರಿಹೊಂದಿಸಿದ ಸಂಖ್ಯೆ) ಟೇಬಲ್ಲೂ ಸಿಕ್ಕಿದೆ.

ಟಿಪಿಎಂ ಟೇಬಲ್ಲನ್ನು ಡಿಇಸೀಕ್2ಗೆ (ಎರಡು ಸ್ಥಿತಿಗಳ ನಡುವೆ ಯಾವ ಜೀನ್ ಬದಲಾಗಿದೆ ಎಂದು ಪರೀಕ್ಷಿಸುವ ಆರ್ ಪ್ಯಾಕೇಜ್) ಕೊಟ್ಟರೆ ಪೂರ್ಣಾಂಕ ಅಲ್ಲ ಅಂತ ಎರರ್ ಬರುತ್ತದೆ. ರೌಂಡ್ ಮಾಡಿ ಕೊಟ್ಟರೆ ಓಡುತ್ತದೆ. ಅದು ಸರಿಯಾ? ಪಿಸಿಎ (ಸ್ಯಾಂಪಲ್‌ಗಳ ಮುಖ್ಯ ವ್ಯತ್ಯಾಸಗಳನ್ನು ಕೆಲವೇ ಅಕ್ಷಗಳಲ್ಲಿ ತೋರಿಸುವ ಚಿತ್ರ) ಹಾಕಿದರೆ ಮೊದಲ ಅಕ್ಷ ಪಿಸಿ1ರಲ್ಲಿ ತಳಿ ಮಾತ್ರ ಬೇರೆಯಾಗುತ್ತದೆ, ಬರ ಕಾಣುವುದೇ ಇಲ್ಲ. ಹೀಟ್‌ಮ್ಯಾಪ್ (ಜೀನ್ ಸಾಲು, ಸ್ಯಾಂಪಲ್ ಕಾಲಂ, ಮೌಲ್ಯಕ್ಕೆ ಬಣ್ಣ) ಕಥೆಯೂ ಅಷ್ಟೇ, ಎಡಗಡೆ ಆರು ಕಾಲಂ ಕೆಂಪು, ಬಲಗಡೆ ಆರು ನೀಲಿ.

ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್ ಇದೆ. ಆರ್ ಅಲ್ಪಸ್ವಲ್ಪ ಬರುತ್ತದೆ. ಕ್ಲಿಕ್ ಮಾಡಿಯೇ ಮುಗಿಸುವ ಟೂಲ್ ಇದ್ದರೆ ಅದನ್ನೂ ಹೇಳಿ.

ಎಣಿಕೆಮನೆ

ರೌಂಡ್ ಮಾಡಬೇಡಿ. ಎರರ್ ನಿಲ್ಲುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ಡಿಇಸೀಕ್2 ನೆಗೆಟಿವ್ ಬೈನೋಮಿಯಲ್ ಮಾದರಿ ಬಳಸುತ್ತದೆ. ಒಂದು ಜೀನ್ ಮೇಲೆ ಎಷ್ಟು ರೀಡ್ ಬಿದ್ದಿವೆ ಎಂಬುದರಿಂದಲೇ ಆ ಅಳತೆಯನ್ನು ಎಷ್ಟು ನಂಬಬೇಕು ಅಂತ ಅದು ಲೆಕ್ಕ ಹಾಕುವುದು. 10 ರೀಡ್ ಬಿದ್ದ ಕಡೆ ಬರೀ ಎಣಿಕೆಯ ಏರಿಳಿತವೇ ಸುಮಾರು ಶೇ 32, 10,000 ಬಿದ್ದ ಕಡೆ ಶೇ 1. ಟಿಪಿಎಂ ಮಾಡುವಾಗ ಜೀನಿನ ಉದ್ದದಿಂದ ಭಾಗಿಸಿ, ಒಟ್ಟು ಹತ್ತು ಲಕ್ಷಕ್ಕೆ ಸರಿಹೊಂದಿಸುತ್ತಾರೆ. 500 ಬೇಸ್ ಉದ್ದದ ಜೀನಿಗೂ 5,000 ಬೇಸ್ ಉದ್ದದ ಜೀನಿಗೂ ಟಿಪಿಎಂ 20 ಅಂತ ಇರಬಹುದು, ಆದರೆ ಎರಡನೆಯದರ ಹಿಂದೆ ಹತ್ತು ಪಟ್ಟು ರೀಡ್ ಇರುತ್ತವೆ. ಆ ಮಾಹಿತಿ ಟೇಬಲ್‌ನಲ್ಲಿ ಅಳಿಸಿಹೋಗಿದೆ, ಯಾವ ಫಂಕ್ಷನ್ನೂ ವಾಪಸ್ ತರಲ್ಲ. ಟಿಪಿಎಂ ಥರದ್ದೇ ಆದ ಎಫ್‌ಪಿಕೆಎಂಗೂ ಇದೇ ಮಾತು. ಡಿಇಸೀಕ್2 ಬದಲು ಎಡ್ಜ್‌ಆರ್ ಬಳಸಿದರೂ ಮೂಲ ಕೌಂಟೇ ಬೇಕು.

ಫಾಸ್ಟ್‌ಕ್ಯೂ ಇದೆಯಲ್ಲ, ಅಲ್ಲಿಂದ ಶುರು ಮಾಡಿ. 16 ಜಿಬಿ ಧಾರಾಳ ಸಾಕು. ರೀಡ್‌ಗಳನ್ನು ಜೀನೋಮ್ ಮೇಲೆ ಕೂರಿಸುವ ಸ್ಟಾರ್‌ಗೆ 30 ಜಿಬಿ ಮೇಲೆ ಬೇಕು ಅಂತ ಎಲ್ಲರೂ ಹೇಳುವುದು ಮನುಷ್ಯನ ಜೀನೋಮ್‌ಗೆ. ಕನಿಷ್ಠ ಜೀನೋಮ್ ಉದ್ದದ ಹತ್ತು ಪಟ್ಟು ಬೈಟ್ ಇರಲಿ ಅಂತ ಅದರ ಕೈಪಿಡಿಯ ಲೆಕ್ಕ, ಭತ್ತದ್ದು 40 ಕೋಟಿ ಬೇಸ್‌ಗಿಂತ ಕಡಿಮೆ, ಅಂದರೆ ಸುಮಾರು 4 ಜಿಬಿ. ಇಂಡೆಕ್ಸ್ ಕಟ್ಟುವಾಗ ಎಸ್‌ಎ ಇಂಡೆಕ್ಸ್ ಎನ್‌ಬೇಸಸ್ ಎಂಬ ಆಯ್ಕೆಯನ್ನು ಡೀಫಾಲ್ಟ್ 14ರಿಂದ 13ಕ್ಕೆ ಇಳಿಸಿ (ಜೀನೋಮ್ ಉದ್ದದ ಲಾಗ್2, ಅದರ ಅರ್ಧ, ಅದರಲ್ಲಿ 1 ಕಳೆಯಿರಿ, 13 ಚಿಲ್ಲರೆ ಬರುತ್ತದೆ). ಓವರ್‌ಹ್ಯಾಂಗ್ 149 ಇಡಿ, ರೀಡ್ ಉದ್ದಕ್ಕಿಂತ ಒಂದು ಕಡಿಮೆ. ಇಂಟ್ರಾನ್ (ಜೀನಿನೊಳಗೆ ಕತ್ತರಿಸಿ ಬಿಡುವ ಭಾಗ) ಗರಿಷ್ಠ ಉದ್ದವನ್ನು ಡೀಫಾಲ್ಟ್‌ಗೆ ಬಿಟ್ಟರೆ ಸ್ಟಾರ್ ಸುಮಾರು 5.9 ಲಕ್ಷ ಬೇಸ್‌ವರೆಗೂ ಹಾರಲು ಒಪ್ಪುತ್ತದೆ. ಭತ್ತದಲ್ಲಿ ಅಷ್ಟುದ್ದ ಇಂಟ್ರಾನ್ ಎಲ್ಲಿಯದು? ಆಗ ಪಕ್ಕಪಕ್ಕ ಇರುವ ಒಂದೇ ಕುಟುಂಬದ ಎರಡು ಜೀನ್‌ಗಳನ್ನು ಸೇರಿಸಿ ಸುಳ್ಳು ಜೋಡಣೆ ಮಾಡಿಬಿಡುತ್ತದೆ. 10,000ದ ಆಸುಪಾಸು ಇಡಿ.

ಜೀನ್ ಕೌಂಟ್ ಕೊಡುವಂತೆ ಓಡಿಸಿದರೆ ಸ್ಟಾರ್ ಪ್ರತಿ ಸ್ಯಾಂಪಲ್‌ಗೆ ನಾಲ್ಕು ಕಾಲಂ ಇರುವ ಫೈಲ್ ಬರೆಯುತ್ತದೆ. ಮೊದಲನೆಯದು ಜೀನ್ ಹೆಸರು, ಎರಡನೆಯದು ಡಿಎನ್‌ಎಯ ಎಳೆ ಲೆಕ್ಕಿಸದ ಕೌಂಟ್, ಮೂರು ಮತ್ತು ನಾಲ್ಕು ಒಂದೊಂದು ದಿಕ್ಕಿನ ಕೌಂಟ್. ಮೇಲಿನ ನಾಲ್ಕು ಸಾಲು ಜೀನ್ ಅಲ್ಲ (ಮ್ಯಾಪ್ ಆಗದ್ದು, ಹಲವು ಕಡೆ ಮ್ಯಾಪ್ ಆದದ್ದು ಇತ್ಯಾದಿ), ತೆಗೆದುಹಾಕಿ. ಆಮೇಲೆ ಮೂರು ಮತ್ತು ನಾಲ್ಕನೆಯ ಕಾಲಂಗಳ ಮೊತ್ತ ನೋಡಿ. ನಾಲ್ಕು ಬಹಳ ದೊಡ್ಡದಾಗಿದ್ದರೆ ಲೈಬ್ರರಿ (ಓದಲು ತಯಾರಿಸಿದ ತುಣುಕುಗಳ ಸಂಗ್ರಹ) ಎಳೆಯ ಗುರುತು ಉಳಿಸುವ ಡಿಯುಟಿಪಿ ವಿಧಾನದ್ದು, ನಾಲ್ಕನ್ನೇ ಬಳಸಿ. ಎರಡೂ ಹೆಚ್ಚುಕಡಿಮೆ ಸಮ ಇದ್ದರೆ ಲೈಬ್ರರಿಗೆ ಎಳೆಯ ಗುರುತಿಲ್ಲ, ಎರಡನೆಯ ಕಾಲಂ ಬಳಸಿ. ಎಣಿಕೆಗೆ ಫೀಚರ್‌ಕೌಂಟ್ಸ್ ಟೂಲ್ ಬಳಸುವುದಾದರೆ ಡಿಯುಟಿಪಿಗೆ ಎಸ್ ಆಯ್ಕೆ 2. ಅಲ್ಲಿ 1 ಹಾಕಿದರೆ ಎಣಿಕೆಗೆ ಸಿಕ್ಕ ರೀಡ್‌ಗಳ ಪ್ರಮಾಣ ಪಾತಾಳಕ್ಕೆ ಬೀಳುತ್ತದೆ, ಅದು ತಕ್ಷಣ ಗೊತ್ತಾಗುತ್ತದೆ. 0 ಹಾಕಿದರೆ ಏನೂ ಗೊತ್ತಾಗಲ್ಲ, ಎದುರುಬದುರು ಎಳೆಗಳಲ್ಲಿ ಒಂದರ ಮೇಲೊಂದು ಇರುವ ಜೀನ್‌ಗಳ ಕೌಂಟ್ ಮಾತ್ರ ಸದ್ದಿಲ್ಲದೆ ಕೆಡುತ್ತದೆ.

ಬೇಗ ಮುಗಿಯಬೇಕು ಅಂದರೆ ಸಾಲ್ಮನ್, ಅದು ಟ್ರಾನ್ಸ್‌ಕ್ರಿಪ್ಟ್ (ಜೀನಿನ ಆರ್‌ಎನ್‌ಎ ಪ್ರತಿ) ಮಟ್ಟದಲ್ಲಿ ಎಣಿಸುವ ಟೂಲ್. ಲೈಬ್ರರಿ ವಿಧವನ್ನು ಎ ಅಂತ ಕೊಟ್ಟರೆ ದಿಕ್ಕನ್ನು ತಾನೇ ಪತ್ತೆ ಮಾಡುತ್ತದೆ. ಅದರ ಫಲಿತಾಂಶವನ್ನು ಟಿಎಕ್ಸ್‌ಇಂಪೋರ್ಟ್ (ಟ್ರಾನ್ಸ್‌ಕ್ರಿಪ್ಟ್ ಎಣಿಕೆಯನ್ನು ಜೀನ್ ಮಟ್ಟಕ್ಕೆ ತರುವ ಪ್ಯಾಕೇಜ್) ಮೂಲಕ ಡಿಇಸೀಕ್2ಗೆ ಒಯ್ಯಿರಿ. ಉದ್ದದ ವ್ಯತ್ಯಾಸವನ್ನು ಅಲ್ಲೇ ಸರಿಯಾಗಿ ನೋಡಿಕೊಳ್ಳುತ್ತದೆ.

ರೀಡ್‌ಗಳ ಗುಣಮಟ್ಟ ನೋಡುವ ಫಾಸ್ಟ್‌ಕ್ಯೂಸಿ ರಿಪೋರ್ಟ್‌ನಲ್ಲಿ ಮೊದಲ 10-12 ಬೇಸ್‌ಗಳ ಅಂಶ ಅಂಕುಡೊಂಕು ಅಂತ ಕೆಂಪು ಗುರುತು ಬಂದರೆ ಗಾಬರಿ ಬೇಡ, ರ‍್ಯಾಂಡಮ್ ಹೆಕ್ಸಮರ್ ಪ್ರೈಮಿಂಗ್‌ನಿಂದ (ಲೈಬ್ರರಿ ಮಾಡುವಾಗಿನ ಒಂದು ಹಂತ) ಹಾಗಾಗುತ್ತದೆ, ಕತ್ತರಿಸುವುದು ಬೇಡ. ಡೂಪ್ಲಿಕೇಟ್ ಜಾಸ್ತಿ ಅಂತ ಬರುವುದೂ ಮಾಮೂಲು. ಎಲೆಯಲ್ಲಿ ರುಬಿಸ್ಕೋ ಥರದ ಕೆಲವೇ ಜೀನ್‌ಗಳು ಅರ್ಧ ಜಾಗ ತಿಂದಿರುತ್ತವೆ. ಯುಎಂಐ (ಪ್ರತಿ ತುಣುಕಿಗೂ ಅಂಟಿಸುವ ಗುರುತು) ಇಲ್ಲದ ಲೈಬ್ರರಿಯಲ್ಲಿ ಡೂಪ್ಲಿಕೇಟ್ ತೆಗೆದರೆ ನಿಜವಾದ ರೀಡ್‌ಗಳೇ ಹೋಗುತ್ತವೆ.

ಸಾಲುಮರ

ಮೇಲಿನವರು ಸಾಲ್ಮನ್ ಹೇಳಿದ್ದಾರೆ. ಭತ್ತದಲ್ಲಿ ಅಲ್ಲೊಂದು ಮುಳ್ಳಿದೆ: ಐಡಿ.

ಭತ್ತಕ್ಕೆ ಎರಡು ಹೆಸರಿನ ವ್ಯವಸ್ಥೆ. ರ‍್ಯಾಪ್-ಡಿಬಿಯಲ್ಲಿ ಓಎಸ್01ಜಿ0100100, ಅದೇ ಜೀನ್ ಎಂಎಸ್‌ಯು ವ್ಯವಸ್ಥೆಯಲ್ಲಿ ಎಲ್‌ಒಸಿ_ಓಎಸ್01ಜಿ01010. ಎನ್ಸೆಂಬಲ್ ಪ್ಲಾಂಟ್ಸ್‌ನಿಂದ ಇಳಿಸಿದರೆ ಮೊದಲನೆಯದು ಬರುತ್ತದೆ. ಜೀನೋಮ್ ಒಂದು ಕಡೆಯಿಂದ, ಜಿಟಿಎಫ್ (ಯಾವ ಜೀನ್ ಎಲ್ಲಿದೆ ಎಂದು ಹೇಳುವ ಫೈಲ್) ಇನ್ನೊಂದು ಕಡೆಯಿಂದ ತಂದರೆ ಕ್ರೋಮೋಸೋಮ್ ಹೆಸರೂ ಹೊಂದಲ್ಲ (ಒಂದರಲ್ಲಿ ಬರೀ 1, ಇನ್ನೊಂದರಲ್ಲಿ ಸಿಎಚ್‌ಆರ್1), ಕೌಂಟ್ ಎಲ್ಲ ಸೊನ್ನೆ. ಎರಡನ್ನೂ ಒಂದೇ ತಾಣದ ಒಂದೇ ಆವೃತ್ತಿಯಿಂದ ಇಳಿಸಿ.

ರ‍್ಯಾಪ್‌ನಲ್ಲಿ ಟ್ರಾನ್ಸ್‌ಕ್ರಿಪ್ಟ್ ಹೆಸರು ಓಎಸ್01ಟಿ0100100-01. ಅಂದರೆ ಜಿ ಇದ್ದ ಜಾಗದಲ್ಲಿ ಟಿ, ಕೊನೆಗೊಂದು -01. ಟಿಎಕ್ಸ್‌ಇಂಪೋರ್ಟ್ ಟ್ರಾನ್ಸ್‌ಕ್ರಿಪ್ಟ್‌ಗಳು ಟ್ರಾನ್ಸ್‌ಕ್ರಿಪ್ಟ್-ಜೀನ್ ಹೊಂದಾಣಿಕೆ ಟೇಬಲ್‌ನ ಮೊದಲ ಕಾಲಂನಲ್ಲಿ ಒಂದೂ ಇಲ್ಲ ಅಂತ ನಿಂತರೆ ತೊಂದರೆ ನೂರಕ್ಕೆ ತೊಂಬತ್ತು ಸಲ ಇಲ್ಲೇ. ಸಾಲ್ಮನ್ ಫೈಲಿನ ಮೊದಲ ಐದು ಹೆಸರು, ಟೇಬಲ್‌ನ ಮೊದಲ ಐದು ಹೆಸರು ಅಕ್ಕಪಕ್ಕ ಪ್ರಿಂಟ್ ಮಾಡಿ ನೋಡಿದರೆ ಗೊತ್ತಾಗುತ್ತದೆ. ಇಂಟರ್‌ನೆಟ್‌ನಲ್ಲಿ ಸಿಗುವ ಸಲಹೆ ಆವೃತ್ತಿ ಸಂಖ್ಯೆ ನಿರ್ಲಕ್ಷಿಸುವ ಆಯ್ಕೆ ಹಾಕಿ ಅನ್ನುತ್ತದೆ. ಅದು ಚುಕ್ಕೆಯ ನಂತರದ್ದನ್ನು ಕತ್ತರಿಸುತ್ತದೆ ಅಷ್ಟೇ, ರ‍್ಯಾಪ್ ಹೆಸರಿನಲ್ಲಿ ಚುಕ್ಕೆಯೇ ಇಲ್ಲ. ಎಂಎಸ್‌ಯು ಹೆಸರಿನಲ್ಲಿ ಚುಕ್ಕೆ ಇದೆ, ಆದರೆ ಅಲ್ಲಿ .1, .2 ಅಂದರೆ ಒಂದೇ ಜೀನಿನ ಬೇರೆ ಬೇರೆ ಐಸೋಫಾರ್ಮ್ (ರೂಪ). ಕತ್ತರಿಸಿದರೆ ಕೆಡುತ್ತದೆ.

ಎರಡು ವ್ಯವಸ್ಥೆಗಳ ನಡುವೆ ಬದಲಿಸಲು ರ‍್ಯಾಪ್-ಡಿಬಿ ತಾಣದಲ್ಲೇ ಪಟ್ಟಿ ಇದೆ. ಒಂದಕ್ಕೆ ಎರಡು, ಎರಡಕ್ಕೆ ಒಂದು ಹೊಂದುವ ಜೀನ್‌ಗಳು ಸಾಕಷ್ಟಿವೆ, ಹಾಗಾಗಿ ಕೌಂಟ್ ಹಂತದಲ್ಲಿ ಬದಲಿಸಬೇಡಿ, ಕೊನೆಯಲ್ಲಿ ಪಟ್ಟಿಗೆ ಹೆಸರು ಸೇರಿಸುವಾಗ ಮಾತ್ರ ಬದಲಿಸಿ.

ಕುಂಡಪ್ರಯೋಗ

ಪಿಸಿಎ ಬಗ್ಗೆ. ಪಿಸಿ1ರಲ್ಲಿ ತಳಿ ಬಂದಿರುವುದು ದೋಷ ಅಲ್ಲ. ನಾಗಿನಾ 22 ಆಸ್ ಗುಂಪಿನದು, ಐಆರ್64 ಇಂಡಿಕಾ. ನೀವು ಮ್ಯಾಪ್ ಮಾಡುವ ನಿಪ್ಪೋನ್‌ಬರೆ ಜೀನೋಮ್ ಜಪೋನಿಕಾ. ಒಂದು ತಳಿಯಲ್ಲಿ ಜೀನ್ ಇಲ್ಲದೇ ಇರಬಹುದು, ಇದ್ದರೂ ಎಸ್‌ಎನ್‌ಪಿ (ಒಂದು ಬೇಸ್‌ನ ವ್ಯತ್ಯಾಸ) ಜಾಸ್ತಿಯಾಗಿ ರೀಡ್ ಕೂರದೇ ಇರಬಹುದು. ಇವೆಲ್ಲ ಎಕ್ಸ್‌ಪ್ರೆಶನ್ ವ್ಯತ್ಯಾಸದ ವೇಷದಲ್ಲಿ ಬಂದು ಕೂರುತ್ತವೆ. ಆದ್ದರಿಂದ ನೀರಿದ್ದಾಗ ನಾಗಿನಾ 22 ಮತ್ತು ಐಆರ್64 ನಡುವೆ ಏನು ವ್ಯತ್ಯಾಸ ಎಂಬ ಪಟ್ಟಿಯನ್ನು ಅನುಮಾನದಿಂದಲೇ ನೋಡಿ. ಒಂದೇ ತಳಿಯೊಳಗೆ ಬರ ಮತ್ತು ನೀರು ಹೋಲಿಸಿದಾಗ ಈ ಪಕ್ಷಪಾತ ಎರಡೂ ಕಡೆ ಒಂದೇ ಇರುವುದರಿಂದ ಬಹುಮಟ್ಟಿಗೆ ವಜಾ ಆಗುತ್ತದೆ. ನಿಮ್ಮ ಪ್ರಯೋಗದ ಜೀವಾಳ ಅಲ್ಲೇ ಇದೆ.

ಬರ ನೋಡಬೇಕಾದರೆ ಪಿಸಿ2, ಪಿಸಿ3 ಹಾಕಿ. ಡಿಇಸೀಕ್2ರ ಪಿಸಿಎ ಫಂಕ್ಷನ್ ಡೀಫಾಲ್ಟಾಗಿ ಅತಿ ಹೆಚ್ಚು ಏರಿಳಿತದ 500 ಜೀನ್ ಮಾತ್ರ ತೆಗೆದುಕೊಳ್ಳುತ್ತದೆ. ನಿಮ್ಮ ಡೇಟಾದಲ್ಲಿ ಆ 500ರಲ್ಲಿ ಬಹುಪಾಲು ಒಂದು ತಳಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ ಜೀನ್‌ಗಳೇ ಇರುತ್ತವೆ. ಎರಡು ತಳಿಗೂ ಬೇರೆ ಬೇರೆ ಪಿಸಿಎ ಹಾಕುವುದೇ ಸ್ವಚ್ಛ ದಾರಿ. ಪಿಸಿಎಗೆ ಕೊಡುವುದು ವಿಎಸ್‌ಟಿ (ಏರಿಳಿತ ಸಮಗೊಳಿಸುವ, ಲಾಗ್2 ಥರದ ರೂಪಾಂತರ) ಮಾಡಿದ ಮೌಲ್ಯ, ಮೂಲ ಕೌಂಟ್ ಅಲ್ಲ.

ಡಿಸೈನ್ ಸೂತ್ರ ಹೀಗಿರಲಿ:

~ ತಳಿ + ಸ್ಥಿತಿ + ತಳಿ:ಸ್ಥಿತಿ

ಆರ್ ಅಕ್ಷರ ಕ್ರಮದಲ್ಲಿ ಮೊದಲು ಬರುವುದನ್ನು ಆಧಾರ ಮಟ್ಟ ಮಾಡಿಕೊಳ್ಳುತ್ತದೆ. ರೀಲೆವೆಲ್ ಮಾಡಿ ಐಆರ್64 ಮತ್ತು ನೀರು ಕೊಟ್ಟದ್ದನ್ನು ಆಧಾರವಾಗಿಡಿ, ಇಲ್ಲದಿದ್ದರೆ ಏರಿದ ಜೀನ್ ಇಳಿದಂತೆ ಕಾಣಬಹುದು. ಇಲ್ಲಿ ಬಹಳ ಜನ ಎಡವುವುದು ಹೀಗೆ: ಈ ಸೂತ್ರದಲ್ಲಿ ಸ್ಥಿತಿ ಎಂಬ ಪದದ ಗುಣಾಂಕ ಎರಡೂ ತಳಿಯ ಸರಾಸರಿ ಬರ ಪರಿಣಾಮ ಅಲ್ಲ, ಅದು ಐಆರ್64ರಲ್ಲಿನ ಬರ ಪರಿಣಾಮ ಮಾತ್ರ. ನಾಗಿನಾ 22ರದ್ದು ಬೇಕಾದರೆ ಆ ಗುಣಾಂಕಕ್ಕೆ ಇಂಟರಾಕ್ಷನ್ (ತಳಿ:ಸ್ಥಿತಿ) ಗುಣಾಂಕ ಕೂಡಿಸಬೇಕು, ಕಾಂಟ್ರಾಸ್ಟ್‌ನಲ್ಲಿ ಎರಡನ್ನೂ ಒಂದೇ ಲಿಸ್ಟ್ ಒಳಗೆ ಕೊಡಿ. ಇಂಟರಾಕ್ಷನ್ ಒಂದನ್ನೇ ಕೇಳಿದರೆ ಎರಡು ತಳಿ ಬರಕ್ಕೆ ಬೇರೆ ಬೇರೆಯಾಗಿ ಸ್ಪಂದಿಸುವ ಜೀನ್‌ಗಳು ಬರುತ್ತವೆ.

ಓಡಿಸುವ ಮೊದಲು ಕನಿಷ್ಠ 3 ಸ್ಯಾಂಪಲ್‌ನಲ್ಲಿ 10 ಕೌಂಟ್ ಇಲ್ಲದ ಜೀನ್‌ಗಳನ್ನು ಬಿಡಿ. ರಿಸಲ್ಟ್ಸ್ ಫಂಕ್ಷನ್‌ನಲ್ಲಿ ಆಲ್ಫಾ (ಸುಳ್ಳು ಫಲಿತಾಂಶಕ್ಕೆ ಒಪ್ಪುವ ಮಿತಿ) ಡೀಫಾಲ್ಟ್ 0.1 ಇರುತ್ತದೆ. ನೀವು 0.05ರಲ್ಲಿ ಕತ್ತರಿಸುವುದಾದರೆ ಅಲ್ಲೂ 0.05 ಅಂತ ಬರೆಯಿರಿ, ಕಡಿಮೆ ಕೌಂಟ್‌ನ ಜೀನ್‌ಗಳನ್ನು ಸೋಸುವ ಮಿತಿಯನ್ನು ಅದು ಆ ಆಲ್ಫಾ ನೋಡಿಯೇ ನಿರ್ಧರಿಸುತ್ತದೆ.

ಒಂದು ಮಾತು ಕೇಳಲೇಬೇಕು. ನೀರು ಕೊಟ್ಟ ಗಿಡದ ಎಲೆಯನ್ನೂ ಬರದ ಗಿಡದ ಎಲೆಯನ್ನೂ ದಿನದ ಒಂದೇ ಹೊತ್ತಿನಲ್ಲಿ ಕೊಯ್ದದ್ದೇ? ಒಂದು ಗುಂಪನ್ನು ಬೆಳಿಗ್ಗೆ 9ಕ್ಕೆ, ಇನ್ನೊಂದನ್ನು 12ಕ್ಕೆ ಕೊಯ್ದಿದ್ದರೆ ಗಿಡದ ದಿನಚರಿಯ ಜೀನ್‌ಗಳೆಲ್ಲ ಬರದ ಜೀನ್ ಆಗಿ ಬರುತ್ತವೆ. ಪಟ್ಟಿಯ ತುದಿಯಲ್ಲಿ ಎಲ್‌ಎಚ್‌ವೈ, ಪಿಆರ್‌ಆರ್ ಕುಟುಂಬದವು ಸಾಲಾಗಿ ಕೂತಿದ್ದರೆ ಮೊದಲು ಕೊಯ್ಲಿನ ಸಮಯ ನೋಡಿ. ಇದನ್ನು ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಬರ ನಿಜಕ್ಕೂ ತಟ್ಟಿದೆಯಾ ಅಂತ ನೋಡಲು ರ‍್ಯಾಬ್16ಎ, ಓಎಸ್‌ಎಲ್‌ಇಎ3, ಓಎಸ್‌ಎನ್‌ಸಿಇಡಿ3 ಜೀನ್‌ಗಳು ಸಾಕು. ನೀರು ನಿಂತ ಎಲೆಯಲ್ಲಿ ಇವು ಏರಬೇಕು.

ಬಣ್ಣದಪೆಟ್ಟಿಗೆ

ಹೀಟ್‌ಮ್ಯಾಪ್ ನನಗಿರಲಿ.

ಎಡ ಕೆಂಪು ಬಲ ನೀಲಿ ಆಗಿರುವುದು ಯಾಕೆಂದರೆ ಸಾಲುವಾರು ಜೆಡ್-ಸ್ಕೋರ್ (ಸರಾಸರಿಯಿಂದ ಎಷ್ಟು ಎಸ್‌ಡಿ ದೂರ) ಅನ್ನು 12 ಸ್ಯಾಂಪಲ್‌ಗೂ ಸೇರಿಸಿ ತೆಗೆದಿದ್ದೀರಿ. ಉದಾಹರಣೆಗೆ ಒಂದು ಜೀನ್, ವಿಎಸ್‌ಟಿ ಮೌಲ್ಯ ಐಆರ್64ರಲ್ಲಿ ನೀರು 6, ಬರ 7. ನಾಗಿನಾ 22ರಲ್ಲಿ ನೀರು 11, ಬರ 12 ಅಂತಿಟ್ಟುಕೊಳ್ಳಿ. ಸರಾಸರಿ 9. ಐಆರ್64 ಎರಡೂ ಸ್ಥಿತಿಯಲ್ಲಿ 9ಕ್ಕಿಂತ ಕೆಳಗೆ, ನಾಗಿನಾ ಎರಡರಲ್ಲೂ ಮೇಲೆ. ಬರದಿಂದ ಎರಡು ತಳಿಯಲ್ಲೂ ಇಮ್ಮಡಿ ಏರಿದ್ದು ಬಣ್ಣದಲ್ಲಿ ಮುಳುಗಿಹೋಯಿತು. ಪರಿಹಾರ ಸರಳ: ಪ್ರತಿ ಜೀನ್‌ಗೆ ಪ್ರತಿ ತಳಿಯ ನೀರು ಕೊಟ್ಟ ಮೂರು ಸ್ಯಾಂಪಲ್‌ಗಳ ಸರಾಸರಿಯನ್ನು ಆ ತಳಿಯ ಆರೂ ಸ್ಯಾಂಪಲ್‌ಗಳಿಂದ ಕಳೆಯಿರಿ. ಆಗ ಸಿಗುವುದು ಹೆಚ್ಚುಕಡಿಮೆ ಲಾಗ್2 ಏರಿಳಿತ, ಅದನ್ನೇ ಬಣ್ಣ ಮಾಡಿ, ಮತ್ತೆ ಜೆಡ್-ಸ್ಕೋರ್ ಹಾಕಬೇಡಿ. ಲಿಮ್ಮಾ ಪ್ಯಾಕೇಜಿನ ರಿಮೂವ್ ಬ್ಯಾಚ್ ಎಫೆಕ್ಟ್‌ನಿಂದ ತಳಿಯ ಅಂತರ ತೆಗೆದರೂ ಚಿತ್ರ ಬರುತ್ತದೆ, ಆದರೆ ಅದು ಚಿತ್ರಕ್ಕೆ ಮಾತ್ರ. ಆ ಮೌಲ್ಯಗಳನ್ನು ವಾಪಸ್ ಡಿಇಸೀಕ್2ಗೆ ಕೊಡುವ ಹಾಗಿಲ್ಲ.

ಹೀಟ್‌ಮ್ಯಾಪ್ ಬಿಡಿಸುವ ಪಿಹೀಟ್‌ಮ್ಯಾಪ್‌ನಲ್ಲಿ ಬಣ್ಣದ ಮಿತಿಯನ್ನು ಬ್ರೇಕ್ಸ್ ಕೊಟ್ಟು -3ರಿಂದ 3ಕ್ಕೆ ಕಟ್ಟಿಹಾಕಿ. ಬಿಟ್ಟರೆ 9 ಏರಿದ ಒಂದೇ ಜೀನ್ ಬಣ್ಣವನ್ನೆಲ್ಲ ಎಳೆದುಕೊಂಡು ಉಳಿದ ಚಿತ್ರ ಬಿಳುಚಿಕೊಳ್ಳುತ್ತದೆ. ಮಿತಿ ಎರಡೂ ಕಡೆ ಸಮ ಇರಬೇಕು, ಇಲ್ಲವೆಂದರೆ ಬಿಳಿ ಬಣ್ಣ ಸೊನ್ನೆಯ ಮೇಲೆ ಕೂರುವುದಿಲ್ಲ. ಕೆಂಪು-ಹಸಿರು ಬಿಡಿ, ಆ ಎರಡರ ವ್ಯತ್ಯಾಸ ಕಾಣದವರು ನಿಮ್ಮ ಪರೀಕ್ಷಕರಲ್ಲೇ ಒಬ್ಬರಿರಬಹುದು. ಸಾಲುಗಳನ್ನು ಗುಂಪು ಮಾಡುವ ಎಚ್‌ಕ್ಲಸ್ಟ್ ಎನ್‌ಎ (ಮೌಲ್ಯ ಇಲ್ಲ) ಅಥವಾ ಇನ್‌ಫಿನಿಟಿ ಅಂತ ಎರರ್ ಕೊಟ್ಟು ನಿಂತರೆ ಯಾವುದೋ ಸಾಲಿನಲ್ಲಿ ಎಲ್ಲ ಮೌಲ್ಯವೂ ಒಂದೇ ಇದೆ, ಸೊನ್ನೆ ಎಸ್‌ಡಿಯಿಂದ ಭಾಗಾಕಾರ ಆಗಿದೆ. ಆ ಸಾಲು ತೆಗೆಯಿರಿ. ಕಾಂಪ್ಲೆಕ್ಸ್‌ಹೀಟ್‌ಮ್ಯಾಪ್ ಬಳಸಿದರೆ ಅದು ತಾನಾಗಿ ಸ್ಕೇಲ್ ಮಾಡಲ್ಲ, ಆರ್‌ನ ಸ್ಕೇಲ್ ಫಂಕ್ಷನ್ನೋ ಕಾಲಂವಾರು ನಡೆಯುತ್ತದೆ. ಅಡ್ಡ ತಿರುಗಿಸಿ, ಸ್ಕೇಲ್ ಮಾಡಿ, ಮತ್ತೆ ತಿರುಗಿಸಬೇಕು.

ಇನ್ನೊಂದು: ಬರಕ್ಕೆ ವ್ಯತ್ಯಾಸ ತೋರಿದ ಜೀನ್‌ಗಳನ್ನೇ ಆರಿಸಿ ಹೀಟ್‌ಮ್ಯಾಪ್ ಹಾಕಿ, ನೋಡಿ ಬರದ ಸ್ಯಾಂಪಲ್‌ಗಳು ಒಟ್ಟಿಗೆ ಬಂದಿವೆ ಅಂತ ಬರೆಯುವವರಿದ್ದಾರೆ. ಹಾಗೆ ಬರಲೇಬೇಕಲ್ಲ, ಆರಿಸಿದ್ದೇ ಅದಕ್ಕೆ. ಸ್ಯಾಂಪಲ್‌ಗಳು ತಾವಾಗಿ ಹೇಗೆ ಗುಂಪಾಗುತ್ತವೆ ಎಂದು ತೋರಿಸಲು ಎಲ್ಲ ಜೀನ್‌ಗಳ ವಿಎಸ್‌ಟಿಯಿಂದ ಸ್ಯಾಂಪಲ್ ದೂರದ ಮ್ಯಾಟ್ರಿಕ್ಸ್ ಹಾಕಿ.

ವೋಲ್ಕೇನೋ ಪ್ಲಾಟ್‌ಗೆ (ಅಡ್ಡಕ್ಕೆ ಏರಿಳಿತ, ಲಂಬಕ್ಕೆ ಪಿ-ವ್ಯಾಲ್ಯೂ) ಎಲ್‌ಎಫ್‌ಸಿ (ಲಾಗ್2 ಏರಿಳಿತ) ಶ್ರಿಂಕ್ ಮಾಡಿದ ಮೌಲ್ಯ ಬಳಸಿ. 3 ರೀಡ್ 0 ಆಗಿದ್ದಕ್ಕೆ ದೊಡ್ಡ ಏರಿಳಿತ ತೋರಿಸುವ ಜೀನ್‌ಗಳು ಮಧ್ಯಕ್ಕೆ ಬರುತ್ತವೆ. ಶ್ರಿಂಕ್ ವಿಧಾನಗಳಲ್ಲಿ ಏಪ್‌ಜಿಎಲ್‌ಎಂ ಗುಣಾಂಕದ ಹೆಸರನ್ನೇ ಕೇಳುತ್ತದೆ, ಎರಡು ಗುಣಾಂಕ ಕೂಡಿಸಿದ ಕಾಂಟ್ರಾಸ್ಟ್ ಒಪ್ಪುವುದಿಲ್ಲ. ನಾಗಿನಾ 22ರದ್ದಕ್ಕೆ ಆ್ಯಶ್‌ಆರ್ ಬಳಸಿ, ಇಲ್ಲವೇ ನಾಗಿನಾ ಆಧಾರವಾಗುವಂತೆ ರೀಲೆವೆಲ್ ಮಾಡಿ ಮತ್ತೆ ಓಡಿಸಿ.

ನೇಗಿಲುಗೆರೆ

ಎಲ್ಲರಿಗೂ ಧನ್ಯವಾದ. ಕೊಯ್ಲು ಎರಡು ಗುಂಪಿಗೂ ಒಂದೇ ಹೊತ್ತಿನಲ್ಲಿ ಆಗಿದೆ. ಸ್ಟಾರ್ ಓಡಿಸಿ ನಾಲ್ಕನೆಯ ಕಾಲಂ ತೆಗೆದುಕೊಂಡೆ. ಒಂದೊಂದು ತಳಿಯೊಳಗೆ ಸಾವಿರಾರು ಜೀನ್ ಬರುತ್ತವೆ, ಇಂಟರಾಕ್ಷನ್‌ನಲ್ಲಿ ಮಾತ್ರ ಬಹಳ ಕಡಿಮೆ. ಅದರ ಬದಲು ಎರಡು ಪಟ್ಟಿಗೆ ವೆನ್ ಡಯಾಗ್ರಾಂ ಹಾಕಿ ನಾಗಿನಾದಲ್ಲಿ ಮಾತ್ರ ಬಂದವನ್ನು ತೆಗೆದುಕೊಳ್ಳಬಹುದಾ? ಕೆಲವು ಜೀನ್‌ಗೆ ಪಿಎಡಿಜೆ (ಹಲವು ಪರೀಕ್ಷೆಗೆ ಸರಿಹೊಂದಿಸಿದ ಪಿ-ವ್ಯಾಲ್ಯೂ) ಎನ್‌ಎ ಅಂತ ಇದೆ, ಯಾಕೆ?

ಕುಂಡಪ್ರಯೋಗ

ವೆನ್ ಬೇಡ. ಒಂದು ಜೀನ್ ನಾಗಿನಾದಲ್ಲಿ ಪಿಎಡಿಜೆ 0.049, ಐಆರ್64ರಲ್ಲಿ 0.051 ಇದ್ದರೆ ವೆನ್ ಅದನ್ನು ನಾಗಿನಾಕ್ಕೆ ಮಾತ್ರ ಸೇರಿದ್ದು ಅನ್ನುತ್ತದೆ. ಏರಿಕೆ ಎರಡರಲ್ಲೂ ಒಂದೇ ಇರಬಹುದು. ಇಂಟರಾಕ್ಷನ್‌ನಲ್ಲಿ ಕಡಿಮೆ ಬರುವುದು ಸಹಜ: ಎರಡು ವ್ಯತ್ಯಾಸಗಳ ನಡುವಿನ ವ್ಯತ್ಯಾಸ ಅಳೆಯುತ್ತಿದ್ದೀರಿ, ಸ್ಟ್ಯಾಂಡರ್ಡ್ ಎರರ್ ಸುಮಾರು 1.4 ಪಟ್ಟು ಆಗುತ್ತದೆ. ಮೂರು ಕುಂಡಕ್ಕೆ ಅಷ್ಟೇ ಶಕ್ತಿ. ಯೀಸ್ಟ್‌ನಲ್ಲಿ ಪ್ರತಿ ಸ್ಥಿತಿಗೆ 48 ಪ್ರತಿ ಮಾಡಿ 2016ರಲ್ಲಿ ಪ್ರಕಟವಾದ ಅಧ್ಯಯನ ಕನಿಷ್ಠ 6 ಇರಲಿ ಅಂದಿತು, ಅದೂ ಸರಳ ಎರಡು ಗುಂಪಿನ ಹೋಲಿಕೆಗೆ.

ತೋರಿಸುವುದಕ್ಕೆ ಸ್ಕ್ಯಾಟರ್ ಹಾಕಿ. ಅಡ್ಡಕ್ಕೆ ಐಆರ್64ರ ಬರದ ಲಾಗ್2 ಏರಿಳಿತ, ಲಂಬಕ್ಕೆ ನಾಗಿನಾದ್ದು, ಇಂಟರಾಕ್ಷನ್‌ನಲ್ಲಿ ಗೆದ್ದ ಜೀನ್‌ಗಳಿಗೆ ಮಾತ್ರ ಬಣ್ಣ. ಹೆಚ್ಚಿನವು ಕರ್ಣದ ಮೇಲೆ ಕೂತಿರುವುದು ಕಾಣುತ್ತದೆ, ಎರಡು ತಳಿ ಬಹುಪಾಲು ಒಂದೇ ಥರ ಸ್ಪಂದಿಸಿವೆ ಅನ್ನುವುದೂ ಫಲಿತಾಂಶವೇ.

ಪಿಎಡಿಜೆ ಮಾತ್ರ ಎನ್‌ಎ ಇದ್ದರೆ ಸರಾಸರಿ ಕೌಂಟ್ ತೀರಾ ಕಡಿಮೆ, ಸೋಸುವಿಕೆಯಲ್ಲಿ ಹೊರಬಿದ್ದಿದೆ. ಪಿ-ವ್ಯಾಲ್ಯೂ ಕೂಡ ಎನ್‌ಎ ಇದ್ದು ಬೇಸ್‌ಮೀನ್ (ಸರಾಸರಿ ಕೌಂಟ್) ಸೊನ್ನೆ ಅಲ್ಲದಿದ್ದರೆ ಒಂದೇ ಸ್ಯಾಂಪಲ್ ವಿಪರೀತವಾಗಿ ಎದ್ದಿದೆ, ಕುಕ್ಸ್ ದೂರ (ಒಂದು ಸ್ಯಾಂಪಲ್ ಫಲಿತಾಂಶವನ್ನು ಎಷ್ಟು ಎಳೆಯುತ್ತದೆ ಎಂಬ ಅಳತೆ) ಅದನ್ನು ತಡೆದಿದೆ. ಅಂಥವು ಒಂದೇ ಕುಂಡದ ಮೇಲೆ ಬೊಟ್ಟು ಮಾಡುತ್ತಿದ್ದರೆ ಆ ಕುಂಡದ ಸ್ಯಾಂಪಲ್ ನೋಡಿ. ಲೇಬಲ್ ಅದಲುಬದಲು ಅನುಮಾನ ಬಂದರೆ ಜೀನೋಮ್ ನೋಡುವ ಟೂಲ್ ಐಜಿವಿಯಲ್ಲಿ ಎರಡು ತಳಿಗೂ ಬೇರೆ ಇರುವ ಎಸ್‌ಎನ್‌ಪಿಗಳನ್ನು ಬ್ಯಾಮ್ ಫೈಲಿನಲ್ಲಿ (ಮ್ಯಾಪ್ ಆದ ರೀಡ್‌ಗಳು) ನೋಡಿದರೆ ತಳಿ ಖಚಿತವಾಗುತ್ತದೆ. ನೀರು-ಬರ ಅದಲುಬದಲು ಅದರಿಂದ ಗೊತ್ತಾಗಲ್ಲ, ಅದಕ್ಕೆ ರ‍್ಯಾಬ್16ಎ ನೋಡಿ.

ಸಾಲುಮರ

ಕ್ಲಿಕ್ ಟೂಲ್ ಬಗ್ಗೆ ಯಾರೂ ಹೇಳಲಿಲ್ಲ. ಫಾಸ್ಟ್‌ಕ್ಯೂಯಿಂದ ಕೌಂಟ್‌ವರೆಗೆ ಗ್ಯಾಲಕ್ಸಿ ಇದೆ, ಬ್ರೌಸರ್‌ನಲ್ಲೇ ಆಗುತ್ತದೆ. ಕೌಂಟ್ ಟೇಬಲ್ ಇದ್ದರೆ ಡಿಗಸ್ಟ್, ಐಡೆಪ್. ಬರೀ ಹೀಟ್‌ಮ್ಯಾಪ್ ಆಡಿಸಲು ಮಾರ್ಫಿಯಸ್ ಚೆನ್ನಾಗಿದೆ. ಆದರೆ ನಿಮ್ಮದು ಇಂಟರಾಕ್ಷನ್ ಇರುವ ಡಿಸೈನ್, ಡಿಫರೆನ್ಶಿಯಲ್ ಹಂತವನ್ನು ಆರ್‌ನಲ್ಲೇ ಮಾಡಿ ಎಂಬುದು ನನ್ನ ಅಭಿಪ್ರಾಯ, ಮೂವತ್ತು ಸಾಲಿನ ಸ್ಕ್ರಿಪ್ಟ್ ಅದು. ಟೂಲ್ ಯಾವ ಗುಣಾಂಕ ಪರೀಕ್ಷಿಸಿತು ಎಂಬುದು ನಿಮಗೆ ಗೊತ್ತಿರಬೇಕು.

ಜಿಓ ಎನ್‌ರಿಚ್‌ಮೆಂಟ್‌ಗೆ (ಪಟ್ಟಿಯಲ್ಲಿ ಯಾವ ಕೆಲಸದ ಜೀನ್‌ಗಳು ಹೆಚ್ಚಿವೆ ಎಂದು ನೋಡಲು) ಜಿ:ಪ್ರೊಫೈಲರ್ ಅಥವಾ ಶೈನಿಜಿಓಗೆ ರ‍್ಯಾಪ್ ಐಡಿ ಕೊಡಿ. ಹಿನ್ನೆಲೆಯಾಗಿ ಭತ್ತದ ಎಲ್ಲ ಜೀನ್ ಬೇಡ, ನಿಮ್ಮ ಸೋಸುವಿಕೆ ದಾಟಿ ಪರೀಕ್ಷೆಗೆ ಒಳಗಾದ ಜೀನ್‌ಗಳ ಪಟ್ಟಿಯನ್ನೇ ಅಪ್‌ಲೋಡ್ ಮಾಡಿ. ಎಲ್ಲ ಜೀನ್ ಹಿನ್ನೆಲೆ ಇಟ್ಟರೆ ಏನು ಪ್ರಯೋಗ ಮಾಡಿದರೂ ದ್ಯುತಿಸಂಶ್ಲೇಷಣೆ, ಕ್ಲೋರೋಪ್ಲಾಸ್ಟ್ ಅಂತಲೇ ಬರುತ್ತದೆ, ಯಾಕೆಂದರೆ ನೀವು ಕೊಟ್ಟದ್ದು ಎಲೆ. ಏರಿದವನ್ನೂ ಇಳಿದವನ್ನೂ ಬೇರೆ ಬೇರೆ ಹಾಕಿ.

ಅಂದಹಾಗೆ ಆ ಎಕ್ಸೆಲ್ ಟೇಬಲ್‌ನಲ್ಲಿ ಜೀನಿನ ಚಿಕ್ಕ ಹೆಸರು ಇರುವ ಕಾಲಂ ಇದ್ದರೆ ನಂಬಬೇಡಿ. ಸೆಪ್ಟ್1, ಮಾರ್ಚ್1 ಎಂಬ ಮನುಷ್ಯನ ಜೀನ್ ಹೆಸರುಗಳನ್ನು ಎಕ್ಸೆಲ್ ತಾರೀಕು ಮಾಡುತ್ತಿದ್ದ ಕಾರಣಕ್ಕೆ 2020ರಲ್ಲಿ ಹೆಸರುಗಳನ್ನೇ ಸೆಪ್ಟಿನ್1, ಮಾರ್ಚ್‌ಎಫ್1 ಅಂತ ಬದಲಿಸಬೇಕಾಯಿತು. ರಿಸಲ್ಟ್ ಟೇಬಲ್ ಸಿಎಸ್‌ವಿ ಆಗಿ ಉಳಿಸಿ, ಎಕ್ಸೆಲ್‌ನಲ್ಲಿ ತೆರೆಯುವುದಾದರೆ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ ಐಡಿ ಕಾಲಂಗೆ ಟೆಕ್ಸ್ಟ್ ಅಂತ ಆರಿಸಿ.